ಜೀಪಿನ ಇಂಜಿನ್ ಬದಲಾಯ್ತು, ಆರ್.ಸಿ. ಬದಲಾಯ್ತಾ?

ನಮ್ಮ ಭದ್ರಾವತಿ, ಶಿವಮೊಗ್ಗ ಕಡೆಯ ಅಡಿಕೆ ತೋಟಗಳಲ್ಲಿ ಹಳೆ ಜೀಪು ಇನ್ನೂ ಎರಡು ಆಳಿನ ಕೆಲಸ ಮಾಡ್ತಿದೆ. ಮಳೆಗಾಲದಲ್ಲಿ ಕಾಲುವೆ ಏರಿಯ ಕೆಸರು, ತೋಟದ ಇಳಿಜಾರು, ಗೊಬ್ಬರದ ಮೂಟೆ, ಅಡಿಕೆ ಕೊನೆ, ಮಂಡಿಗೆ ಹೋಗುವ ಚೀಲ ಎಲ್ಲಕ್ಕೂ ಅದೇ. ಫೋರ್ ವೀಲ್ ಹಾಕಿದರೆ ಟ್ರ್ಯಾಕ್ಟರ್ ಹೂತ ಕಡೆಯಿಂದಲೂ ಹತ್ತಿ ಬರ್ತದೆ. ಆದರೆ ಈ ಜೀಪುಗಳಲ್ಲಿ ಕಂಪನಿಯಿಂದ ಬಂದ ಹಾಗೆಯೇ ಉಳಿದದ್ದು ಎಷ್ಟು? ಇಂಜಿನ್ ಒಂದರದ್ದು, ಗೇರ್‌ಬಾಕ್ಸ್ ಇನ್ನೊಂದರದ್ದು, ಬಾಡಿ ಗ್ಯಾರೇಜಿನದ್ದು. ಹೀಗಿದ್ದಾಗ ಆರ್.ಸಿ. ಏನು ಹೇಳ್ತದೆ, ಕಾನೂನು ಏನು ಹೇಳ್ತದೆ ಅಂತ ಬಹಳ ಜನ ನನ್ನನ್ನು ಕೇಳಿದ್ದಾರೆ. ನನ್ನ ಜೀಪಿನ ನೋಂದಣಿ ನವೀಕರಣಕ್ಕೆ ಓಡಾಡಿದಾಗ ಮೋಟಾರು ವಾಹನ ಕಾಯ್ದೆಯನ್ನು ಕೂತು ಓದಿಕೊಂಡೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬದಲಾವಣೆ ಶುರುವಾದದ್ದು ಹೇಗೆ?

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪನ್ನು ನಮ್ಮ ದೇಶಕ್ಕೆ ತಂದಿತು. ಆಗಿನದ್ದು ಪೆಟ್ರೋಲ್ ಇಂಜಿನ್. ಶಕ್ತಿ ಇತ್ತು, ಕುಡಿಯುವುದೂ ಹಾಗೇ ಇತ್ತು. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ರೈತರು ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರು. ನಮ್ಮಲ್ಲಿ ಇದಕ್ಕೆ ಕೈಗಳ ಕೊರತೆ ಇರಲಿಲ್ಲ. ಭದ್ರಾವತಿ ಕಬ್ಬಿಣದ ಊರು. 1923ರಲ್ಲಿ ಕಾರ್ಖಾನೆಯ ಕುಲುಮೆ ಹೊತ್ತಿದಾಗಿನಿಂದ ಲೇತ್, ವೆಲ್ಡಿಂಗ್, ಅಚ್ಚು ಗೊತ್ತಿರುವ ಕುಶಲಿಗರು ಇಲ್ಲಿದ್ದಾರೆ. ಯಾವ ಇಂಜಿನನ್ನು ಯಾವ ಚಾಸಿಗೆ ಬೇಕಾದರೂ ಕೂರಿಸಿ ಕೊಡುತ್ತಾರೆ.

ಮೊದಲು ಡೀಸೆಲ್ ಇಂಜಿನ್ ಬಂತು. ಆಮೇಲೆ ಪವರ್ ಸ್ಟೀರಿಂಗ್, ದೊಡ್ಡ ಟೈರು, ಎತ್ತರಿಸಿದ ಪಟ್ಟಿ, ಮುಂದೆ ಕಬ್ಬಿಣದ ಗಾರ್ಡು, ಮೇಲೆ ಸಾಲು ದೀಪ. ಈಗ ಪೇಟೆ ಹುಡುಗರು ಕಾಡುದಾರಿ ಓಟಕ್ಕೆಂದು ಮಾಡಿಸುವುದೂ ಇದನ್ನೇ. ಗ್ಯಾರೇಜಿನಲ್ಲಿ ಆಗುತ್ತದೆ ಅನ್ನುವುದು ಬೇರೆ, ಕಾನೂನಿನಲ್ಲಿ ಆಗುತ್ತದೆ ಅನ್ನುವುದು ಬೇರೆ.

"ತೋಟ ಬಿಟ್ಟು ಹೋಗೋದೇ ಇಲ್ಲ, ನನಗ್ಯಾಕ್ರೀ ರಿಜಿಸ್ಟ್ರೇಷನ್ನು?"

ಇದು ನಾನು ಹೆಚ್ಚು ಕೇಳಿದ ಮಾತು. ಕಾಯ್ದೆಯ 39ನೇ ಕಲಂ ಬೇರೆ ಹೇಳುತ್ತದೆ. ನೋಂದಣಿ ಇಲ್ಲದ ಮೋಟಾರು ವಾಹನವನ್ನು "ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ" ಓಡಿಸಕೂಡದು ಅಂತ ಅದರ ತಾತ್ಪರ್ಯ. ಬೇರೆ ಯಾವುದೇ ಸ್ಥಳ ಅಂದರೆ ನಮ್ಮ ತೋಟವೂ ಬಂತು.

ಹಾಗಾದರೆ ವಿನಾಯಿತಿ ಯಾವುದಕ್ಕೆ? ಮೋಟಾರು ವಾಹನ ಅಂದರೇನು ಅಂತ 2ನೇ ಕಲಂನ 28ನೇ ಉಪಕಲಂ ಹೇಳುತ್ತದೆ. ಹಳಿಯ ಮೇಲೆ ಓಡುವುದು, ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲೆಂದೇ ಮಾಡಿದ ವಿಶೇಷ ಬಗೆಯ ವಾಹನ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು 25 ಸಿ.ಸಿ. ಮೀರದ ಇಂಜಿನ್ ಇರುವುದು, ಇವು ಮಾತ್ರ ಹೊರಗೆ. ನಾವು ಎಲ್ಲಿ ಓಡಿಸುತ್ತೇವೆ ಅನ್ನುವುದರ ಮೇಲೆ ಇದು ನಿಂತಿಲ್ಲ. ವಾಹನ ರಸ್ತೆಗೆ ಹೊಂದುವಂಥದ್ದೇ ಅನ್ನುವುದೇ ಲೆಕ್ಕ. ಗಣಿಯಲ್ಲಿ ಮಾತ್ರ ಓಡುವ ದೊಡ್ಡ ಡಂಪರುಗಳ ವಿಷಯದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು, ಗಾಳಿ ತುಂಬಿದ ಟೈರಿನ ಮೇಲೆ ಓಡುವ ಇವೂ ರಸ್ತೆಗೆ ಯೋಗ್ಯವಾದ ಮೋಟಾರು ವಾಹನಗಳೇ ಅಂದಿತು. ಡಂಪರಿಗೇ ಹೀಗಾದರೆ ನಮ್ಮ ಜೀಪು ತಪ್ಪಿಸಿಕೊಳ್ಳುವುದು ಹೇಗೆ?

ನೋಂದಣಿ ಇಲ್ಲದೆ ಓಡಿಸಿದರೆ 192ನೇ ಕಲಂ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿದರೆ 5,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಜೈಲು, ಎರಡೂ ಆಗಬಹುದು. 207ನೇ ಕಲಂ ಪ್ರಕಾರ ವಾಹನವನ್ನು ಹಿಡಿದು ನಿಲ್ಲಿಸಿಕೊಳ್ಳಲೂಬಹುದು.

2000ನೇ ಇಸವಿಯ ಗೆರೆ

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಹಳೆ ಜೀಪಿನವರಿಗೆಲ್ಲ ಮುಖ್ಯವಾದದ್ದು ಇದೇ.

1988ರ ಕಾಯ್ದೆ ಜಾರಿಯಾದದ್ದು 1989ರ ಜುಲೈ 1ಕ್ಕೆ. ವಾಹನದ ಮಾರ್ಪಾಡಿನ ವಿಷಯ ಅದರ 52ನೇ ಕಲಂನಲ್ಲಿದೆ. ಮೊದಲಿದ್ದ ಕಲಂ ಪ್ರಕಾರ ಮಾಲಿಕ ಆರ್.ಟಿ.ಓ. ಕಚೇರಿಗೆ ಮುಂಚೆಯೇ ತಿಳಿಸಿ, ಒಪ್ಪಿಗೆ ಪಡೆದು ಮಾರ್ಪಾಡು ಮಾಡಿಸಬಹುದಿತ್ತು. ಆಗ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿ, ತೋರಿಸಿ, ಆರ್.ಸಿ.ಯಲ್ಲಿ ಬರೆಸಿಕೊಂಡವರು ಸಕ್ರಮವಾಗಿಯೇ ಮಾಡಿದರು.

2000ದಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಆರ್.ಸಿ.ಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಯಾವ ಮಾಲಿಕನೂ ವಾಹನವನ್ನು ಮಾರ್ಪಡಿಸಕೂಡದು ಅಂತಾಯ್ತು. ಅಂದರೆ ಆರ್.ಟಿ.ಓ. ಒಪ್ಪಿಗೆ ಕೊಡಲಿಕ್ಕೂ ಕೈ ಕಟ್ಟಿತು. ಕೇರಳದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2019ರ ಜನವರಿ 9ರಂದು ತೀರ್ಪು ಬಂತು. ತಯಾರಕರ ಮೂಲ ವಿವರವನ್ನು ಬದಲಿಸುವ ಮಾರ್ಪಾಡಿಗೆ ಅವಕಾಶವಿಲ್ಲ, ರಾಜ್ಯದ ನಿಯಮ ಏನೇ ಇದ್ದರೂ ಅದು ಕಾಯ್ದೆಯ ಕೆಳಗೇ ಅಂತ ಕೋರ್ಟು ಹೇಳಿತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ 182ಎ ಕಲಂ ಸೇರಿತು. ಕಾನೂನು ಒಪ್ಪದ ಮಾರ್ಪಾಡಿಗೆ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದು ಜೀಪಿನಲ್ಲಿ ನಾಲ್ಕು ಮಾರ್ಪಾಡು ಇದ್ದರೆ ನೀವೇ ಲೆಕ್ಕ ಹಾಕಿ.

ನನ್ನ ಜೀಪನ್ನು ಮೊದಲಿದ್ದ ಮಾಲಿಕರು 1993ರಲ್ಲಿ ಡೀಸೆಲ್ ಮಾಡಿಸಿದ್ದರು. ಆರ್.ಸಿ. ಪುಸ್ತಕದಲ್ಲಿ ಹೊಸ ಇಂಜಿನ್ ನಂಬರು, "ಡೀಸೆಲ್" ಅನ್ನುವ ಶಬ್ದ, ಸಹಿ, ಮೊಹರು ಇದ್ದವು. ನವೀಕರಣದ ದಿನ ನನ್ನನ್ನು ದಾಟಿಸಿದ್ದು ಆ ಒಂದು ಸಾಲು. ಪಕ್ಕದ ಊರಿನ ಕೃಷಿಕರೊಬ್ಬರ ಜೀಪಿಗೂ ನನ್ನದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸವಿಲ್ಲ. ಅದೇ ಮಾದರಿ, ಅಂಥದೇ ಇಂಜಿನ್. ಆದರೆ ಅದಕ್ಕೆ ಡೀಸೆಲ್ ಇಂಜಿನ್ ಕೂತದ್ದು 2008ರಲ್ಲಿ. ಆರ್.ಸಿ.ಯಲ್ಲಿ ಇನ್ನೂ "ಪೆಟ್ರೋಲ್" ಅಂತಲೇ ಇದೆ. ಅವರಿಗೆ ನವೀಕರಣ ಆಗಲಿಲ್ಲ. ಆಮೇಲೆ ಅದೇ ಕಂಪನಿಯ, ಅದೇ ಮಾದರಿಯ ಹಳೆ ಪೆಟ್ರೋಲ್ ಇಂಜಿನ್ ಹುಡುಕಿ, ಬಿಲ್ಲು ಸಮೇತ ಕೂರಿಸಿ, ಮತ್ತೆ ಅರ್ಜಿ ಹಾಕಬೇಕಾಯ್ತು.

ಹಾಗಾದರೆ ಏನು ಮಾಡಬಹುದು?

ಇಂಜಿನ್ ಕೆಟ್ಟರೆ ಅದೇ ಕಂಪನಿ, ಅದೇ ಮಾದರಿ, ಅದೇ ಇಂಧನದ ಇಂಜಿನ್ ಹಾಕಿಸಲು ದಾರಿ ಇದೆ. ಮೊದಲೇ ಕಚೇರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯುವುದು ಕ್ಷೇಮ. ಒಪ್ಪಿಗೆ ಇಲ್ಲದೆ ಬದಲಾಗಿದ್ದರೆ 14 ದಿನದೊಳಗೆ ಆರ್.ಸಿ. ಸಮೇತ ತಿಳಿಸಬೇಕು ಅಂತ ಕಾಯ್ದೆಯಲ್ಲಿದೆ. ಇಂಜಿನ್ ಕೊಂಡ ಬಿಲ್ಲು ಇರಲೇಬೇಕು. ಗುಜರಿಯಿಂದ ಬಾಯಿಮಾತಿನಲ್ಲಿ ತಂದ ಇಂಜಿನ್ ಯಾವ ವಾಹನದ್ದೋ, ಯಾವ ಕೇಸಿನದ್ದೋ ನಮಗೇನು ಗೊತ್ತು?

ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿಗೆ ಬದಲಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಕಿಟ್ಟು ಸರಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾದದ್ದಿರಬೇಕು. ಅಧಿಕೃತವಾಗಿ ಕೂರಿಸುವವರಿಂದಲೇ ಹಾಕಿಸಿ, ಆರ್.ಸಿ.ಯಲ್ಲಿ ಬರೆಸಬೇಕು. ಅಡುಗೆ ಸಿಲಿಂಡರ್ ಕಟ್ಟುವುದು ಇದರಲ್ಲಿ ಬರುವುದಿಲ್ಲ.

ಚಾಸಿಯನ್ನು ಕತ್ತರಿಸಿ ಉದ್ದ ಮಾಡುವುದು, ಗಿಡ್ಡ ಮಾಡುವುದು, ಸೀಟು ಹೆಚ್ಚಿಸುವುದು, ಬೇರೆ ಇಂಧನದ ಇಂಜಿನ್, ಇವೆಲ್ಲ ಕೂಡದು. ಮುಂದಿನ ಕಬ್ಬಿಣದ ಗಾರ್ಡು ಕೂಡ 52ನೇ ಕಲಂಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲಾ ರಾಜ್ಯಗಳಿಗೂ ಬರೆದಿತ್ತು. ಹಲವು ರಾಗದ ಹಾರ್ನಿಗೂ ಅವಕಾಶವಿಲ್ಲ. ಸಾಲ ತೀರದ ವಾಹನವಾದರೆ ಯಾವ ಬದಲಾವಣೆಗೂ ಮೊದಲು ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಕೇಳಿ.

ಇದೆಲ್ಲ ಬರೀ ಕಾಗದದ ಕಿರಿಕಿರಿ ಅನ್ನುವವರಿದ್ದಾರೆ. ಪೂರ್ತಿ ಹಾಗಲ್ಲ. ಭಾರದ ಡೀಸೆಲ್ ಇಂಜಿನ್ ಕೂತರೆ ಮುಂದಿನ ಪಟ್ಟಿಗೂ ಬ್ರೇಕಿಗೂ ಹೊರೆ ಹೆಚ್ಚು, ಹಳೆ ಡ್ರಮ್ ಬ್ರೇಕು ಮಾತ್ರ ಹಾಗೇ ಇರ್ತದೆ. ದೊಡ್ಡ ಟೈರು ಹಾಕಿದರೆ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗ್ತದೆ. ಮೀಟರು ಕಡಿಮೆ ವೇಗ ತೋರಿಸ್ತದೆ, ಬ್ರೇಕು ಹಿಡಿಯಲು ಹೆಚ್ಚು ಬಲ ಬೇಕು. ಪಟ್ಟಿ ಎತ್ತರಿಸಿದರೆ ಭಾರ ಮೇಲೇರಿ ತಿರುವಿನಲ್ಲಿ ಮಗುಚುವ ಅಪಾಯ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಬೇಗ ಸವೆಯುತ್ತದೆ. ಅಡಿಕೆ ಚೀಲ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಇದರ ಅರ್ಥ ಆಗ್ತದೆ.

ಶಿವಮೊಗ್ಗದಲ್ಲಿ ತಪಾಸಣೆ

ಭದ್ರಾವತಿಯವರಿಗೂ ಶಿವಮೊಗ್ಗವೇ ಕಚೇರಿ, ಕೆ.ಎ. 14. ಸಾಗರದ ಕಚೇರಿಯದ್ದು ಕೆ.ಎ. 15. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅರ್ಜಿ ನಮೂನೆ 25ರಲ್ಲಿ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಹಾಕಬಹುದು, ಈಗ ಪರಿವಾಹನ್ ಜಾಲತಾಣದಲ್ಲಿ ತುಂಬಿಸಿ ಹೋಗುವುದು. ತಡವಾದರೆ ತಿಂಗಳ ಲೆಕ್ಕದಲ್ಲಿ ದಂಡ ಏರುತ್ತದೆ.

ಶುಲ್ಕವೂ ಮೊದಲಿನ ಹಾಗಿಲ್ಲ. ಜೀಪು, ಕಾರಿನಂಥ ಲಘು ವಾಹನಕ್ಕೆ 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯ್ತು. 2025ರ ಆಗಸ್ಟಿನಲ್ಲಿ ಬಂದ ನಿಯಮದಲ್ಲಿ 20 ವರ್ಷ ದಾಟಿದ್ದಕ್ಕೆ 10,000 ರೂಪಾಯಿ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ. ಹೋಗುವ ಮೊದಲು ಆ ದಿನದ ದರ ಕೇಳಿಕೊಂಡು ಹೋಗಿ.

ವಾಹನವನ್ನು ನೋಡುವವರು ಮೋಟಾರು ವಾಹನ ನಿರೀಕ್ಷಕರು, ನಮ್ಮ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು. ಅವರು ಮೊದಲು ನೋಡಿದ್ದು ಚಾಸಿ ನಂಬರು. ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್.ಸಿ.ಗೆ ತಾಳೆ ನೋಡ್ತಾರೆ. ತುಕ್ಕು, ಮಣ್ಣು, ಬಣ್ಣದ ಅಡಿ ನಂಬರು ಮುಚ್ಚಿದ್ದರೆ ಹಿಂದಿನ ದಿನವೇ ಸೀಮೆಎಣ್ಣೆ ಬಟ್ಟೆಯಲ್ಲಿ ನಯವಾಗಿ ಒರೆಸಿ. ಉಳಿ, ಗ್ರೈಂಡರು ತಾಗಿಸಬೇಡಿ. ತಿದ್ದಿದ ಗುರುತು ಕಂಡರೆ ಕದ್ದ ಮಾಲು ಅನ್ನುವ ಸಂಶಯ ಸಹಜ. ನಂಬರು ಸವೆದು ಹೋಗಿದ್ದರೆ ಕಚೇರಿಗೆ ಬರೆದು ಕೊಟ್ಟು ಅವರ ಅಪ್ಪಣೆಯಂತೆ ನಡೆಯಬೇಕು, ಗ್ಯಾರೇಜಿನಲ್ಲಿ ಹೊಡೆಸಬಾರದು.

ಆಮೇಲೆ ಇಂಜಿನ್ ನಂಬರು, ಇಂಧನ, ಬಣ್ಣ, ಸೀಟು, ಬಾಡಿಯ ಬಗೆ. ನಂತರ ಬ್ರೇಕು, ಹ್ಯಾಂಡ್ ಬ್ರೇಕು, ಸ್ಟೀರಿಂಗಿನ ಆಟ, ಟೈರಿನ ಹಲ್ಲು, ಹೆಡ್‌ಲೈಟು, ಇಂಡಿಕೇಟರು, ಹಿಂದಿನ ಕೆಂಪು ದೀಪ, ಹಾರ್ನು, ವೈಪರು, ಕನ್ನಡಿ, ಸೈಲೆನ್ಸರು. ಜೊತೆಗೆ ವಿಮೆ ಮತ್ತು ಹೊಗೆ ತಪಾಸಣೆಯ ಚೀಟಿ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದವಕ್ಕೂ ಎಚ್.ಎಸ್.ಆರ್.ಪಿ. ನಂಬರು ಫಲಕ ಹಾಕಬೇಕೆಂದು ನಮ್ಮ ಸರಕಾರ 2023ರ ಆಗಸ್ಟಿನಲ್ಲಿ ಆದೇಶ ಮಾಡಿದೆ.

ಇಲ್ಲ ಅಂದರೆ ಏನು ಮಾಡಬೇಕು?

ಬಾಯಲ್ಲಿ "ಆಗಲ್ಲ" ಅಂದರೆ ಮನೆಗೆ ಬಂದು ಕೂರಬೇಡಿ. 45ನೇ ಕಲಂ ಪ್ರಕಾರ ನೋಂದಣಿ ಅಥವಾ ನವೀಕರಣ ನಿರಾಕರಿಸಿದರೆ ಕಾರಣ ಬರೆದು ಆದೇಶದ ಪ್ರತಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ. ಅದು ಕೈಗೆ ಬಂದ 30 ದಿನದೊಳಗೆ 57ನೇ ಕಲಂ ಪ್ರಕಾರ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ದೀಪ, ಬ್ರೇಕಿನಂಥ ದೋಷವಾದರೆ ಸರಿಮಾಡಿ ಮತ್ತೆ ತೋರಿಸಿದರೆ ಮುಗೀತು. ಹಳೆ ಮಾರ್ಪಾಡಿಗೆ ಒಪ್ಪಿಗೆ ಸಿಕ್ಕಿದ್ದ ಕಾಗದ ಇದ್ದವರು ಅದರ ನಕಲನ್ನು ಮೇಲ್ಮನವಿಗೆ ಲಗತ್ತಿಸಿ.

ಟ್ರೈಲರು, ಕೇಜ್‌ವೀಲು, ಗ್ಯಾರೇಜ್ ಬಂಡಿ

ಕೃಷಿ ಟ್ರ್ಯಾಕ್ಟರನ್ನು ಕೇಂದ್ರ ನಿಯಮ ಸಾರಿಗೆಯೇತರ ವಾಹನ ಅಂತ ಎಣಿಸುತ್ತದೆ. ಆದರೆ ಟ್ರೈಲರಿಗೆ ಬೇರೆಯೇ ನೋಂದಣಿ. ಟ್ರೈಲರಿನ ವಿನ್ಯಾಸಕ್ಕೆ ಸಾರಿಗೆ ಇಲಾಖೆಯ ಒಪ್ಪಿಗೆ ಸಿಕ್ಕಿದ ಆದೇಶದ ಪ್ರತಿಯನ್ನು ನೋಂದಣಿ ಅರ್ಜಿಯ ಜೊತೆ ಕೊಡಬೇಕು ಅಂತ 47ನೇ ನಿಯಮದಲ್ಲಿದೆ. ಆದ್ದರಿಂದ ಟ್ರೈಲರು ಮಾಡಿಸುವ ಮೊದಲು ಗ್ಯಾರೇಜಿನವರನ್ನು ಕೇಳಿ: "ನಿಮ್ಮ ಡಿಸೈನಿಗೆ ಅಪ್ರೂವಲ್ ಇದೆಯಾ? ಕಾಪಿ ಕೊಡ್ತೀರಾ?" ಅಗ್ಗಕ್ಕೆ ಸಿಕ್ಕಿತು ಅಂತ ಮಾಡಿಸಿ ಆಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ. ಟ್ರೈಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಮರೆಯಬೇಡಿ. ಕತ್ತಲಲ್ಲಿ ಬಿ.ಎಚ್. ರಸ್ತೆಯ ಬದಿ ನಿಂತ ಟ್ರೈಲರು ಹಿಂದಿನಿಂದ ಬರುವವನಿಗೆ ಯಮನೇ.

ಭದ್ರಾ ನೀರಿನ ಗದ್ದೆ ಬಯಲಿನವರು ಕೇಜ್‌ವೀಲ್ ಹಾಕಿಕೊಂಡೇ ಟಾರು ರಸ್ತೆ ಹತ್ತುತ್ತಾರೆ. ರಸ್ತೆಯ ಮೇಲೆ ಗಾಳಿ ಟೈರೇ ಇರಬೇಕು ಅಂತ ನಿಯಮ. ಗದ್ದೆ ಬದುವಿನಲ್ಲೇ ಬಿಚ್ಚಿ ಹಾಕುವ ಅಭ್ಯಾಸ ಒಳ್ಳೆಯದು.

ಇನ್ನು ಪಂಪಿನ ಇಂಜಿನ್, ಜೀಪಿನ ಆಕ್ಸಲ್, ಗುಜರಿ ಸ್ಟೀರಿಂಗ್ ಸೇರಿಸಿ ಮಾಡುವ ತೋಟದ ಬಂಡಿ. ಉತ್ತರ ಭಾರತದಲ್ಲಿ ಇದಕ್ಕೆ ಜುಗಾಡ್ ಅಂತಾರೆ. 2013ರಲ್ಲಿ ಸುಪ್ರೀಂ ಕೋರ್ಟು ಜುಗಾಡ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ, ವಿಮೆ ಎಲ್ಲ ಬೇಕು ಅಂತ ಹೇಳಿತು. ನೋಂದಣಿಗೆ ತಯಾರಕರ ನಮೂನೆ 22 ಬೇಕು. ಅದಕ್ಕೆ 126ನೇ ನಿಯಮದ ಪ್ರಕಾರ ಮೊದಲ ಮಾದರಿ ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಒಂದು ಬಂಡಿ ಮಾಡುವ ರೈತನಿಗೆ ಅದು ಆಗಿಹೋಗುವ ಮಾತಲ್ಲ. ಪೇಟೆಯಲ್ಲಿ ಮಾರುವ ನಾಲ್ಕು ಚಕ್ರದ ತೋಟದ ಗಾಡಿಗಳನ್ನು ಕೊಳ್ಳುವಾಗಲೂ "ನಮೂನೆ 22 ಕೊಡ್ತೀರಾ?" ಅಂತ ಮೊದಲೇ ಕೇಳಿ.

ಮಿಲಿಟರಿ ಹರಾಜಿನ ಜೀಪಿಗೆ ದಾರಿ ಬೇರೆ. ಅಲ್ಲಿಯ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ, ನಮೂನೆ 21, ಇರಬೇಕು. ಮೂರನೆಯವರ ಕೈಯಿಂದ ಕೊಳ್ಳುವುದಾದರೆ ಆ ಪತ್ರದಲ್ಲಿರುವ ಚಾಸಿ ನಂಬರನ್ನು ನೀವೇ ತಾಳೆ ನೋಡಿ.

ದಂಡಕ್ಕಿಂತ ದೊಡ್ಡ ಭಯ

ದಂಡ ಕಟ್ಟಿ ಮರೆಯಬಹುದು. ಅಪಘಾತ ಆದರೆ ಮರೆಯಲಿಕ್ಕಾಗದು. ಆರ್.ಸಿ.ಯಲ್ಲಿ ಪೆಟ್ರೋಲ್, ಬಾನೆಟ್ ಅಡಿ ಡೀಸೆಲ್ ಇದ್ದರೆ ವಿಮಾ ಕಂಪನಿ ಸ್ವಂತ ವಾಹನದ ಹಾನಿ ಪರಿಹಾರಕ್ಕೆ ತಕರಾರು ತೆಗೆಯಲು ಅದೊಂದೇ ಸಾಕು. ಎದುರಿನವರಿಗೆ ಪೆಟ್ಟಾದರೆ, ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ ಮೊದಲು ಕಂಪನಿ ಕೊಟ್ಟು ಆಮೇಲೆ ಮಾಲಿಕನಿಂದ ವಸೂಲು ಮಾಡಿಕೊಳ್ಳಲಿ ಅಂತ ನ್ಯಾಯಾಲಯಗಳು ಹೇಳಿದ್ದುಂಟು. ವಸೂಲು ಅಂದರೆ ಕೊನೆಗೆ ಬರುವುದು ನಮ್ಮ ತೋಟದ ಪಹಣಿಗೇ.

ಸರಕು ವಾಹನದಲ್ಲಿ ಪುಕ್ಕಟೆ ಕೂತವರ ಪರಿಹಾರ ವಿಮಾ ಕಂಪನಿಯ ಹೊಣೆಯಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಕೊಯ್ಲಿನ ಆಳುಗಳನ್ನು ಟ್ರೈಲರಿನಲ್ಲಿ, ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಬರುವ ಮುಂಚೆ ನಿಮ್ಮ ಪಾಲಿಸಿಯಲ್ಲಿ ಯಾರು ಯಾರು ಸೇರಿದ್ದಾರೆ ಅಂತ ಓದಿಸಿ ಕೇಳಿ. ಸ್ವಂತ ಬಳಕೆಯ ಜೀಪಿನಲ್ಲಿ ನೆರೆಯವರ ಮಾಲನ್ನು ಬಾಡಿಗೆಗೆ ಸಾಗಿಸಿದರೂ ಇದೇ ಪಾಡು.

ಕೊಳ್ಳುವಾಗ, ಮಾರುವಾಗ

ಹಳೆ ಜೀಪು ಕೊಳ್ಳುವವರು ಬೆಲೆ ಮಾತಾಡುವ ಮೊದಲು ಆರ್.ಸಿ. ಕೈಗೆ ತೆಗೆದುಕೊಂಡು ಬಾನೆಟ್ ಎತ್ತಿ. ಚಾಸಿ, ಇಂಜಿನ್, ಇಂಧನ ಮೂರೂ ತಾಳೆಯಾಗಬೇಕು. ಡೀಸೆಲ್ ಅಂತ ಬರೆದಿದ್ದರೆ ಯಾವ ಇಸವಿಯಲ್ಲಿ ಬರೆದದ್ದು, ಸಹಿ ಇದೆಯಾ ನೋಡಿ. ಎರಡು ಜೀಪು ಸೇರಿಸಿ ಒಂದು ಮಾಡಿ, ಒಂದರ ಆರ್.ಸಿ. ಇಟ್ಟುಕೊಂಡವೂ ತಿರುಗಾಡ್ತಿವೆ.

ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಕಚೇರಿಗೆ ತಿಳಿಸಬೇಕು. ಛಾಪಾ ಕಾಗದದಲ್ಲಿ ಬರೆದು ಕೈತೊಳೆದುಕೊಂಡರೆ ಸಾಲದು. ಹೆಸರು ಬದಲಾಗುವವರೆಗೆ ಆರ್.ಸಿ.ಯಲ್ಲಿರುವವನೇ ಮಾಲಿಕ, ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಇನ್ನು ಓಡುವುದೇ ಇಲ್ಲ ಅನ್ನುವ ಹಾಗೆ ಜೀಪು ಹಾಳಾಗಿದ್ದರೆ 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಿ. ಇಲ್ಲದಿದ್ದರೆ ನಿಮ್ಮ ನಂಬರು ಇನ್ಯಾರದೋ ಗಾಡಿಯ ಮೇಲೆ ಓಡಾಡೀತು.

ಮನೆಯಲ್ಲಿ ಪಹಣಿ, ಕಂದಾಯದ ರಶೀದಿ ಇಡುವ ಪೆಟ್ಟಿಗೆಯಲ್ಲೇ ಒಂದು ಕವರಿನಲ್ಲಿ ಇವಿಷ್ಟು ಇಡಿ: ಆರ್.ಸಿ., ಹಳೆ ಆರ್.ಸಿ. ಪುಸ್ತಕದ ಎಲ್ಲಾ ಪುಟಗಳ ನಕಲು, ಇಂಜಿನ್ ಕೊಂಡ ಬಿಲ್ಲು, ಒಪ್ಪಿಗೆ ಪತ್ರ, ವಿಮೆ, ಹೊಗೆ ಚೀಟಿ, ಟ್ರೈಲರಿನ ಕಾಗದ. ಆರ್.ಸಿ. ಕಾರ್ಡಾದ ಮೇಲೆ ಹಳೆ ಪುಸ್ತಕವನ್ನು ಗೆದ್ದಲಿಗೆ ಬಿಟ್ಟವರಿದ್ದಾರೆ. 2000ಕ್ಕೆ ಮೊದಲಿನ ಆ ಸಾಲು ಇರುವುದು ಅದರಲ್ಲೇ. ಈ ತಿಂಗಳು ಮಳೆ ಬಿಡುವು ಕೊಟ್ಟ ದಿನ ಅದನ್ನೊಮ್ಮೆ ಹೊರಗೆ ತೆಗೆದು, ಚಾಸಿ ನಂಬರಿನ ಜೊತೆ ಇಟ್ಟು ನೋಡಿ. ಬೇರೆ ಜಿಲ್ಲೆಯ ಕೃಷಿಕರು ಟ್ರೈಲರಿಗೆ ವಿನ್ಯಾಸದ ಒಪ್ಪಿಗೆ ಪಡೆದ ಅನುಭವ ಇದ್ದರೆ ದಯವಿಟ್ಟು ಬರೆದು ತಿಳಿಸಿ.